ಹದಿನಾರು ಬಣ್ಣದ ಚಲಪತಿ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ ಜಮೀನು ಅಳೆಯುತ್ತಿದ್ದ ಕಾಲದಲ್ಲಿ, ದೊಡ್ಡಬಳ್ಳಾಪುರದ ನೇಕಾರರಿಗೆ ಸೀರೆಯ ಡಿಸೈನ್ ಮಾಡಿಕೊಡುತ್ತೇನೆಂದು ಚಲಪತಿ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟ. ಅದರ ಪರದೆಯಲ್ಲಿ ಮೂಡುತ್ತಿದ್ದುದು ಹದಿನಾರೇ ಬಣ್ಣ. ಹೆಚ್ಚು ಬಣ್ಣ ತರಿಸುವ ಡ್ರೈವರ್ ಫ್ಲಾಪಿ ಅವನ ಮೇಜಿನ ಮೇಲೆಯೇ ಇತ್ತು. ಹಾಕಲು ಬಾರದು, ಬಾರದೆಂದು ಒಪ್ಪಲು ಮನಸ್ಸಿಲ್ಲ, ಹಾಗಾಗಿ ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದ. ಬಂದವರ ಚಪ್ಪಲಿ ಹೊರಗೆ ಬಿಡಿಸುತ್ತಿದ್ದ, ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತಿದ್ದ. ಯಾರಾದರೂ ನೂಲಿನ ಎಳೆಯನ್ನು ಪರದೆಗೆ ಹಿಡಿದು ಬಣ್ಣ ಹೋಲಿಸಿದರೆ ಅದನ್ನು ಊದಿ ಹಾರಿಸಿ, "ಕಂಪ್ಯೂಟರ್ ಸುಳ್ ಹೇಳುತ್ತಾ? ನಿಮ್ ಕಣ್ ತೋರಿಸ್ಕೊಳ್ರೀ" ಎನ್ನುತ್ತಿದ್ದ. ಊರಿನ ಗಿಳಿಹಸಿರು, ಎಲೆಹಸಿರು, ಪಾಚಿಹಸಿರೆಲ್ಲ ಈ ಅಹಂಕಾರಿಯ ಕೈಯಲ್ಲಿ ಒಂದೇ ಹಸಿರಾದವು. ಮನೆಯಲ್ಲೇ ಮಗ್ಗ ನಡೆಸುತ್ತಿದ್ದ ಆದಿಲಕ್ಷ್ಮಮ್ಮ ನೇರಳೆಹಣ್ಣಿನ ಬಣ್ಣ ಕೇಳಿದರೆ, ಪರದೆಯಲ್ಲಿದ್ದ ಕಣ್ಣು ಕುಕ್ಕುವ ಬಣ್ಣವನ್ನೇ ನೂಲಿಗೆ ಹಾಕಿಸಿದ. ಅಂಗಡಿಯವರು ಅಷ್ಟೂ ಸೀರೆ ವಾಪಸ್ ಕಳಿಸಿದರು. ಆಕೆಯ ಮಗ್ಗ ನಿಂತಿತು. ಆ ಬೇಸಿಗೆಯ ಕೊನೆಯಲ್ಲಿ, ಸ್ವಲ್ಪವೂ ನಾಚಿಕೆಯಿಲ್ಲದೆ, ತನ್ನ ಮಗಳ ಮದುವೆ ಸೀರೆಗೆಂದು ಅವನು ಆಕೆಯ ಬಾಗಿಲಿಗೇ ಬಂದ. ಅಂಗೈಯಲ್ಲಿ ಒಂದು ನೇರಳೆಹಣ್ಣು. "ಇದೇ ಬಣ್ಣ ಬೇಕಕ್ಕಾ." "ಯಾಕಪ್ಪಾ, ನಿನ್ ಕಂಪ್ಯೂಟರ್ನ ಕೇಳಲಿಲ್ವಾ?" "ಅದ್ರಲ್ಲಿ ಈ ಬಣ್ಣ ಬರಲ್ಲ ಅಂತ ನಂಗ್ ಗೊತ್ತಿಲ್ವಾ? ಇದು ನಮ್ ಹುಡ್ಗಿ ಸೀರೆ ಕಣಕ್ಕಾ!"