ಹೊಸಿಲು ದಾಟಿದರೆ ಔಟ್

ಟೀವಿಯಲ್ಲಿ ರಿಯಾಲಿಟಿ ಶೋಗಳ ಹಾವಳಿ ಶುರುವಾದ ವರ್ಷಗಳಲ್ಲಿ ಮುಳಬಾಗಿಲಿನ ನಮ್ಮ ಮನೆಯಲ್ಲಿ ಉಳಿದಿದ್ದವರು ಇಬ್ಬರೇ ವಿಧವೆಯರು, ನಾನು ಮತ್ತು ನನ್ನ ಅತ್ತೆ. ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ನಡುಮನೆಯ ಮಂಚ ಹಿಡಿದಿದ್ದರು. ತಲೆ ಎತ್ತಿ ಹಿಡಿಯದಿದ್ದರೆ ಒಂದು ಗುಟುಕೂ ಇಳಿಯುತ್ತಿರಲಿಲ್ಲ. ಆದರೂ ಮಡಿ ಬಿಟ್ಟವರಲ್ಲ. ಸ್ನಾನ ಮಾಡಿದ ನನ್ನ ಕೈಯ ನೀರಲ್ಲದೆ ಬೇರೆ ಯಾರ ಕೈಯದನ್ನೂ ಮುಟ್ಟುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋದರೂ ನಾನು ಗಡಿಯಾರ ನೋಡಿಕೊಂಡೇ ಹೋಗಬೇಕಿತ್ತು.

ಮಧ್ಯಾಹ್ನ ಪಕ್ಕದ ಮನೆಯ ಸಾಬರ ಹೆಂಗಸು ಗುಂಡಿ ಹಾಕಬೇಕಾದ ಶರ್ಟುಗಳನ್ನು ಹೊತ್ತು ಬರುತ್ತಿದ್ದಳು. ಮೂವರೂ ಟೀವಿ ನೋಡುತ್ತಿದ್ದೆವು. ಹಾಡುವ ಮಕ್ಕಳು, ಅಳುವ ತಾಯಂದಿರು, ನಡುನಡುವೆ ತಲೆನೋವಿನ ಮುಲಾಮಿನ ಜಾಹೀರಾತು. ಬೋರ್ ತಡೆಯಲಾರದೆ ನಾನು ಮುಂದೆ ಬರಲಿರುವ ಶೋಗಳ ಫೋರ್‌ಕಾಸ್ಟ್ ಹೇಳತೊಡಗಿದೆ, ನ್ಯೂಸ್ ಓದುವವರ ಗತ್ತಿನಲ್ಲಿ.

"ಮುಂದಿನ ವಾರದಿಂದ 'ಟ್ಯಾಂಕರ್ ಕ್ವೀನ್'. ಒಂದು ನೀರಿನ ಟ್ಯಾಂಕರ್, ನಲವತ್ತು ಹೆಂಗಸರು. ಕೊನೇವರೆಗೂ ತಲೇಲಿ ಕೂದಲು ಉಳಿದವಳಿಗೆ ಕ್ರೌನ್."

"ನಮ್ ಬೀದೀಲಿ ದಿನಾ ನಡೀತದಲ್ಲಕ್ಕಾ. ಕ್ಯಾಮೆರಾ ಒಂದು ಇಲ್ಲ, ಅಷ್ಟೇ," ಅಂದಳು ಪಕ್ಕದವಳು, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

"ಆಮೇಲೆ 'ಮ್ಯಾಂಗೋ ಸ್ವಯಂವರ'. ಶ್ರೀನಿವಾಸಪುರದ ಮಂಡೀಲಿ ಹುಡುಗೀರನ್ನ ಸಾಲಾಗಿ ನಿಲ್ಲಿಸ್ತಾರೆ. ಜಡ್ಜ್‌ಗಳು ಒಬ್ಬೊಬ್ಬರನ್ನೇ ಮೂಸಿ ನೋಡಿ ಗ್ರೇಡ್ ಹಾಕ್ತಾರೆ."

"ಥೂ, ಸಿಗ್ಗು ಲೇದಾ ನಿಂಗೆ!" ಅತ್ತೆ ರಾಯಲ್ಪಾಡಿನ ಕಡೆಯವರು, ನಗು ಬಂದರೆ ಜೊತೆಗೆ ತೆಲುಗೂ ಬರುತ್ತಿತ್ತು.

ಹೀಗಿರುವಾಗ ನಾನು ಓದಿದ್ದ ಕೋಲಾರದ ಕಾನ್ವೆಂಟಿನಿಂದ ಕಾಗದ ಬಂತು. ವಾರಕ್ಕೆ ಎರಡು ದಿನ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಕಲಿಸಲು ಬರುತ್ತೀಯಾ, ಬರುವುದಾದರೆ ಸೋಮವಾರ ಬಂದು ನೋಡು, ಎಂದು ಸಿಸ್ಟರ್ ಬರೆದಿದ್ದರು. ನನಗಾಗ ಐವತ್ತಾರು. ಮದುವೆಯಾದ ಮೇಲೆ ನನ್ನ ಇಂಗ್ಲಿಷ್ ಯಾರಿಗಾದರೂ ಬೇಕಾಗಿದ್ದು ಅದೇ ಮೊದಲು. ಇಬ್ಬರಿಗೂ ಓದಿ ಹೇಳಿದೆ. ಪಕ್ಕದವಳು ಚಪ್ಪಾಳೆ ತಟ್ಟಿದಳು. ಅತ್ತೆ ಟೀವಿಯ ಸೌಂಡ್ ಜಾಸ್ತಿ ಮಾಡು ಅಂದರು.

ಸಿಟ್ಟಿಗೆ ಮರುದಿನ ಹೊಸ ಫೋರ್‌ಕಾಸ್ಟ್ ಕೊಟ್ಟೆ. "'ಹೊಸಿಲು'. ಸೊಸೆ ನೂರು ದಿನ ಹೊಸಿಲು ದಾಟಬಾರದು. ದಾಟಿದ್ರೆ ಔಟ್. ಗೆದ್ರೆ ಅತ್ತೆಗೆ ಬಂಗಾರದ ಡಾಬು."

ಅತ್ತೆ ನಗಲಿಲ್ಲ. "ಅದರಲ್ಲಿ ನಾವು ಗೆಲ್ತೀವಿ ಕಣೇ. ಅರ್ಜಿ ಬರಿ. ಇಂಗ್ಲಿಷಲ್ಲೇ ಬರಿ."

ತಮಾಷೆಯೆಂದುಕೊಂಡು 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ ಬರೆದೂಬಿಟ್ಟೆ. ಅಂದಿನಿಂದಲೇ ಪ್ರಾಕ್ಟೀಸ್. ಹಾಲಿಗೆ ಪಾತ್ರೆ ಒಡ್ಡಲು ಕಾಲು ಹೊರಗಿಟ್ಟರೆ ಮಂಚದಿಂದ "ಔಟ್!" ಎಂಬ ಕೂಗು. ಸೊಪ್ಪಿನವಳನ್ನು ಕೂಗಿದರೆ "ಔಟ್!" ಮೊದಮೊದಲು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಾಲ್ಕನೆಯ ದಿನ, ಯಾರೂ ಕೂಗದಿದ್ದರೂ, ನನ್ನ ಕಾಲು ಹೊಸಿಲ ಹತ್ತಿರ ತಾನೇ ನಿಂತುಬಿಟ್ಟಿತು.

ಸೋಮವಾರ ಬೆಳಿಗ್ಗೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟೆ. ಮಂಚದ ಪಕ್ಕ ನೀರಿನ ಚೊಂಬು ಇಟ್ಟು ಮುಚ್ಚಿದೆ. ಸಂಜೆಯವರೆಗೆ ನೋಡಿಕೊಳ್ಳಲು ಪಕ್ಕದವಳು ಬಂದು ಕೂತಳು. ನಾನು ಚಪ್ಪಲಿಗೆ ಕಾಲು ತೂರಿಸಿದೆ.

"ಔಟ್!"

"ಅಮ್ಮಾ, ಅಂಥ ಶೋನೇ ಇಲ್ಲ. ಸುಳ್ಳು ಕಟ್ಟಿ ಹೇಳಿದ್ದೆ."

"ಗೊತ್ತು ಕಣೇ. ಅವತ್ತೇ ಗೊತ್ತಿತ್ತು. ಮುಳಬಾಗಿಲಿಗೆ ಯಾವ ಟೀವಿಯವನು ಬರ್ತಾನೆ?"

"ಮತ್ತೆ ಅರ್ಜಿ ಯಾಕೆ ಬರೆಸಿದ್ರಿ?"

ಅತ್ತೆ ತೊಲೆ ನೋಡುತ್ತ ಮಲಗಿದ್ದರು. "ನೀನು ಹೋದ್ರೆ, ನಂಗೆ ಬಾಯಾರಿದ್ರೆ?"

"ನಾನಿದೀನಲ್ಲ ಅಜ್ಜೀ," ಎಂದಳು ಪಕ್ಕದವಳು. "ಅಕ್ಕ ತುಂಬಿಟ್ಟಿರೋ ನೀರೇ ಅದು. ನಾನು ತಲೆ ಎತ್ತಿ ಹಿಡ್ದು ಕುಡಿಸ್ತೀನಿ, ಅಷ್ಟೇ."

ಅತ್ತೆ ಅವಳತ್ತ ತಿರುಗಲಿಲ್ಲ. ನನಗೇ ಹೇಳಿದರು, ಸಿಟ್ಟಿಲ್ಲದೆ, "ಸಾಯಂಕಾಲದ ತನಕ ತಡ್ಕೋತೀನಿ ಬಿಡು. ಹೋಗು."

ಬೇಡ ಅಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ಸುಡುಬೇಸಿಗೆ. ಎಂಬತ್ತೆರಡರ ಒಣ ತುಟಿ. ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಕಾಲು ತೊಳೆದು, ಅವರ ತಲೆ ಎತ್ತಿ ಹಿಡಿದು ನೀರು ಕುಡಿಸಿದೆ. ಚೊಂಬಿನ ಅರ್ಧದಷ್ಟನ್ನು ಒಂದೇ ಉಸಿರಿಗೆ ಕುಡಿದರು. ಬೆಳಗಿನಿಂದ ಬಾಯಾರಿದ್ದರೂ ಕೇಳದೇ ಇದ್ದರೋ ಏನೋ.

ಪಕ್ಕದವಳು ಶರ್ಟುಗಳನ್ನು ಮಡಿಚಿಕೊಂಡು ಎದ್ದಳು. "ಟೀವಿ ಜೊತೇಲಿ ನೋಡ್ಬೋದು ಅಕ್ಕಾ, ನೀರು ಮಾತ್ರ ಆಗಲ್ಲ," ಎಂದು ನಕ್ಕು ಹೋದಳು. ಆ ವಾರವೆಲ್ಲ ಬರಲಿಲ್ಲ. ಹೋಗಿ ಕರೆಯಲು ನನಗೆ ಮುಖವಿರಲಿಲ್ಲ.

ಮಧ್ಯಾಹ್ನ ಸಿಸ್ಟರ್‌ಗೆ ಉತ್ತರ ಬರೆದೆ. 'ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟೆನ್ಸಸ್' ಎಂಬ ಸಾಲೂ ಅದರಲ್ಲಿತ್ತು. ಕಾನ್ವೆಂಟಿನಲ್ಲಿ ಕಲಿತ ಕರ್ಸಿವ್, ಓರೆಕೋರೆಯಿಲ್ಲದೆ ಸಾಲಾಗಿ ಬಂತು.