ಗುಡ್ಡ ಹತ್ತದ ಅಂಕಲ್

ಪಕ್ಕದ ಫ್ಲ್ಯಾಟಿನವರು ಊರಿಗೆ ಹೋಗಿದ್ದರಿಂದ ಅವರ ಬೆಕ್ಕು ಈ ವಾರ ನನ್ನ ಪಾಲಿಗೆ ಬಂದಿದೆ. ಸಿಂಗಪುರದ ಜುರಾಂಗ್ ಈಸ್ಟ್‌ನ ಅಂಗಡಿಯಿಂದ ಅದರ ಕಕ್ಕಸಿನ ಮಣ್ಣು ತಂದೆ. ಸುರಿಯುವಾಗ ಸ್ವಲ್ಪ ನೀರು ಬಿದ್ದು, ಹಸಿ ಜೇಡಿಯ ವಾಸನೆ ಎದ್ದಿತು. ಅದೇ ಮಣ್ಣು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜ್ವಾಲಾಮುಖಿ ದ್ವೀಪದಲ್ಲಿ ಗುಂಡಿ ತೋಡಿ, ಉಪ್ಪುನೀರಿನಲ್ಲಿ ಅದನ್ನು ಕಲಸಿ, ನೆಲದ ವಿದ್ಯುತ್ ಅಳೆಯುವ ಎಲೆಕ್ಟ್ರೋಡ್ ಹೂಳುತ್ತಿದ್ದೆವು. ಕಲಸಲು ಕಲಿಸಿದವರು ಅಂಕಲ್.

ಅಪ್ಪನ ಸ್ನೇಹಿತರು, ಉಡುಪಿ ಕಡೆಯವರು. ಪಾಯಾ ಲೆಬಾರ್‌ನ ನಮ್ಮ ಆಗಿನ ಆಫೀಸಿನಲ್ಲಿ ಸರ್ವೆ ತಂಡದ ಮುಖ್ಯಸ್ಥರು. ಹೊಸಬರಿಗೆಲ್ಲ ತಮ್ಮ ಹಳೆಯ ಚಾರಣಗಳ ಫೋಟೊ ತೋರಿಸುತ್ತಿದ್ದರು. ಎಲ್ಲದರಲ್ಲೂ ಅವರ ಬೂಟು ಹೊಚ್ಚ ಹೊಸದು... ನಾನು ಅದನ್ನು ಮೊದಲೇ ಗಮನಿಸಬೇಕಿತ್ತು.

ಕೆಲಸ ಕೇಳಲು ಸುಲಭ: ಕರೆಂಟು ತಯಾರಿಸಲು ನೆಲದಡಿಯ ಬಿಸಿ ಹಬೆ ಹುಡುಕುವುದು. ಸೂರ್ಯನಿಂದಲೂ ಮಿಂಚಿನಿಂದಲೂ ನೆಲದೊಳಗೆ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಬಿಸಿನೀರು ಬಂಡೆಯನ್ನು ಜೇಡಿ ಮಾಡಿದ ಕಡೆ ಅದು ಸರಾಗವಾಗಿ ಹರಿಯುತ್ತದೆ. ಆ ಜೇಡಿಯೇ ಮುಚ್ಚಳ, ಹಬೆ ಅದರ ಕೆಳಗೆ. ಆದರೆ ಕೆಳಗಿನ ಬಿಸಿಯ ಒಲೆ ಆರಿದ ಮೇಲೂ ಮುಚ್ಚಳ ಉಳಿದಿರುತ್ತದೆ. ಒಲೆ ಯಾವ ಕಡೆ ಉರಿಯುತ್ತಿದೆ ಎಂದು ತಿಳಿಯಲು ಗುಡ್ಡದ ನೆತ್ತಿಯಲ್ಲೂ ಅಳೆಯಲೇಬೇಕಿತ್ತು.

ಅಂಕಲ್ ದ್ವೀಪದ ಅತಿಥಿಗೃಹದ ಬೆತ್ತದ ಕುರ್ಚಿ ಬಿಟ್ಟು ಏಳಲಿಲ್ಲ. ನೆತ್ತಿಯಲ್ಲಿ ಹಾಕಬೇಕಿದ್ದ ಕೊನೆಯ ಅಳತೆಯ ಸ್ಟೇಷನ್ನನ್ನು ಹಿತ್ತಲಿನಲ್ಲೇ ಹಾಕಿಸಿದರು, ಜನರೇಟರ್ ಗುಡುಗುತ್ತಿದ್ದ ಜಾಗದಲ್ಲಿ. ಮೇಲಕ್ಕೆ ನಾನೇ ಹೋಗುತ್ತೇನೆ ಎಂದರೂ ಬಿಡಲಿಲ್ಲ.

"ಜಾರಿ ಬಿದ್ರೆ ನಿಮ್ಮಪ್ಪಂಗೆ ನಾನೇನಮ್ಮ ಹೇಳ್ಲಿ?" ಎಂದು ಇನ್ನೊಂದು ಕರಿದ ಬಾಳೆಹಣ್ಣು ಬಾಯಿಗಿಟ್ಟರು.

ಆ ದಿನದ ಡೈರಿಯಲ್ಲಿ ಬರೆದಿದ್ದು ಒಂದೇ ಸಾಲು: ನೆತ್ತಿ ಬಾಕಿ.

ಜನರೇಟರಿನ ಕರೆಂಟೂ ಬೆರೆತು, ಅಲ್ಲಿಯ ಅಳತೆ ಹೇಗಿರಬೇಕೋ ಹಾಗೇ ಬಂತು. ಗ್ರಾಫಿನ ಚುಕ್ಕೆಗಳೆಲ್ಲ ಚೆಲ್ಲಿದ ಸಾಸಿವೆಯಂತೆ. ಅಂಕಲ್ ಬೇಡದ್ದನ್ನು ಅಳಿಸಿದರು, ಉಳಿದವುಗಳ ನಡುವೆ ನಯವಾದ ಗೆರೆ ಎಳೆದರು. ಎಂಥ ನಯ! ಮದುವೆ ಮನೆಯ ರಂಗೋಲಿಯಲ್ಲೂ ಅಷ್ಟು ಶ್ರದ್ಧೆ ನೋಡಿಲ್ಲ.

"ಚುಕ್ಕೆ ತೋರಿಸಿದ್ರೆ ಕ್ಲೈಂಟ್ ಹೆದರ್ತಾರೆ. ಗೆರೆ ತೋರಿಸು, ಸೈನ್ ಮಾಡ್ತಾರೆ."

ಹಬೆ ಇಲ್ಲಿದೆ ಎಂದು ಗೆರೆ ಬೊಟ್ಟು ಮಾಡಿದ್ದು ಅತಿಥಿಗೃಹದ ಯಜಮಾನಿಯ ಲವಂಗದ ತೋಟವನ್ನು. ಗಂಡ ತೀರಿದ ಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳ ಓದು ನಡೆದದ್ದು ಆ ಮರಗಳಿಂದ. ಹಬೆಯ ಬಾವಿ ಕೊರೆಯಲು ಅವು ಹೋಗಬೇಕು ಎಂದಾಗ ಆಕೆ ವಾದಿಸಲಿಲ್ಲ. ಅಂಕಲ್ ಎದುರು ಕೂತು, ಕೆಳಗೆ ಹಬೆ ಇರುವುದು ನಿಜವೇ ಎಂದು ಮಾತ್ರ ಕೇಳಿದಳು. ಅಂಕಲ್ ತಮ್ಮ ಸಿಂಗಪುರದ ಮಲಯ್ ಭಾಷೆಯಲ್ಲಿ, ನಿಮ್ಮ ತೋಟದಿಂದಲೇ ದ್ವೀಪಕ್ಕೆಲ್ಲ ಕರೆಂಟು ಬರುತ್ತದೆ ಎಂದರು. ನೆತ್ತಿ ಅಳೆದಿಲ್ಲ ಎಂದು ನಾನು ಅಂಕಲ್ ಎದುರೇ ಆಕೆಗೆ ಹೇಳಿದೆ. "ಹೊಸ ಹುಡುಗಿ, ಓದಿದ್ದು ಜಾಸ್ತಿ" ಎಂದು ಆಕೆಗೆ ಹೇಳಿ ನಕ್ಕರು. ಆಕೆ ನಗಲಿಲ್ಲ. ಆದರೆ ನಂಬಿದ್ದು ನರೆತ ಕೂದಲನ್ನೇ.

ಮರ ಕಡಿದರು. ಬಾವಿ ಕೊರೆದರು. ಕೂಸಿಗೆ ಎರೆಯಬಹುದಾದಷ್ಟು ಬೆಚ್ಚಗಿನ ನೀರು ಬಂತು, ಅಷ್ಟೇ. ಸಿಂಗಪುರಕ್ಕೆ ಮರಳಿದ ಮೇಲೆ ತಂಜಾಂಗ್ ಪಗಾರ್‌ನ ಮೀಟಿಂಗಿನಲ್ಲಿ ಅಂಕಲ್ ತಪ್ಪನ್ನು ಬಾವಿ ಕೊರೆದವರ ಮೇಲೆ ಹಾಕಿದರು. ಊಟಕ್ಕೆ ಅಗ್ಗದ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಇಳಿದಾಗ ನನ್ನ ತಟ್ಟೆಗೆ ತಮ್ಮ ಮೀನಿನ ತುಂಡು ಬಡಿಸಿ, "ಕಲೀತೀಯ ಬಿಡು" ಎಂದರು. ನಾನು ಆ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದೆ. ಮುಂದಿನ ತಿಂಗಳು ಬೇರೆ ಕಂಪನಿ ಸೇರಿದೆ.

ಹೋದ ವಾರ ಅಂಕಲ್ ತೀರಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರನ್ನು ನಮ್ಮ ಕ್ಷೇತ್ರದ ಶಿಖರ ಎಂದು ಬರೆದಿದ್ದಾರೆ. ಒಂದು ಗುಡ್ಡವನ್ನೂ ಹತ್ತದ ಮನುಷ್ಯ! ಅಪ್ಪ ಫೋನಿನಲ್ಲಿ ಅತ್ತರು. ನನಗೆ ಅಳು ಬರಲಿಲ್ಲ...

ಚೆಲ್ಲಿದ ಜೇಡಿಯನ್ನು ಬಳಿಯುವಾಗ ಕೈ ತಾನಾಗಿ ಮುಷ್ಟಿ ಕಟ್ಟಿತು. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಒಡೆಯಬಾರದು. ಅಂಕಲ್ ಹೇಳಿಕೊಟ್ಟ ಪರೀಕ್ಷೆ. ಮಣ್ಣು ಸರಿಯಾಗಿತ್ತು. ಇಷ್ಟು ಗೊತ್ತಿದ್ದವರಿಗೆ ಹಿತ್ತಲಿನ ಆ ಗೆರೆ ಸುಳ್ಳೆಂದೂ ಗೊತ್ತಿತ್ತು. ಅದನ್ನು ಅವರ ಬಾಯಿಂದಲೇ ಆ ಯಜಮಾನಿಗೆ ಒಂದು ದಿನ ಹೇಳಿಸಬೇಕು ಎಂದುಕೊಂಡಿದ್ದೆ. ಇನ್ನು ಅದೂ ಬಾಕಿ.