ಇಮ್ರೊ ಮಾಮನ ಮೋಸ್ಟು
ಬ್ರಾಟಿಸ್ಲಾವಾದ ನಮ್ಮ ಬಿಯರಂಗಡಿಯಲ್ಲಿ ಇಮ್ರೊ ಮಾಮ ಕೂತಿದ್ದಾಗ ಯಾರೂ ‘ಮೋಸ್ಟ್’ ಎನ್ನಬಾರದು. ಅಂದರೆ ಮುಗಿಯಿತು, ತೋಳು ಹಿಡಿದು ಕೂರಿಸಿಬಿಡುತ್ತಾರೆ. “ಸ್ಲೊವಾಕಿನಲ್ಲಿ ಸೇತುವೆ. ಜರ್ಮನ್ನಲ್ಲಿ ಹಣ್ಣಿನ ರಸ, ಅದು ಲ್ಯಾಟಿನ್ನಿಂದ ಬಂದದ್ದು. ಹಂಗೇರಿಯವರಿಗೆ ‘ಈಗ’. ಮೂರಕ್ಕೂ ಏನೇನೂ ನಂಟಿಲ್ಲ ಕಣಯ್ಯಾ.” ಟ್ರಾಮು ತಪ್ಪಲಿ, ಬಿಯರು ಬೆಚ್ಚಗಾಗಲಿ, ಲ್ಯಾಟಿನ್ ಮುಗಿಯದೆ ಬಿಡುವುದಿಲ್ಲ. ನಿನ್ನೆ ನಾನು ಕೋಟು ಹಾಕಿ ಹೊರಟಾಗ ಹಿಡಿದರು, ನನಗೆ ತಲೆ ಕೆಟ್ಟುಹೋಯಿತು. “ನಿಮ್ಮನೇಲಿ ಯಾವ್ದು ಮಾಮ? ಅದೊಂದು ಹೇಳಿ, ನನ್ನ ಬಿಟ್ಬಿಡಿ.” “ಮೂರೂನು. ಅಪ್ಪ ಸ್ಲೊವಾಕು, ಅಜ್ಜಿ ಜರ್ಮನ್ನು, ಅಮ್ಮ ಹಂಗೇರಿ. ಒಂದೇ ಊಟದ ಮೇಜು, ಮೂರು ಭಾಷೇಲಿ ಜಗಳ. ಈಗ ಜಗಳಕ್ಕೂ ಯಾರೂ ಇಲ್ಲ.” ಅಷ್ಟು ಹೇಳಿ ನನ್ನ ತೋಳು ಬಿಟ್ಟರು. ಲ್ಯಾಟಿನ್ನೂ ಇಲ್ಲ, ಏನೂ ಇಲ್ಲ. ಟ್ರಾಮು ಬಂದು ನಿಂತಿತ್ತು. ನಾನು ಕೋಟು ಬಿಚ್ಚಿಟ್ಟು ಕೂತೆ. “ಮಾಮ, ಆ ಹಳೇ ಮೋಸ್ಟು ರಿಪೇರಿಯಂತೆ, ಹೌದಾ?”